ಮಾಮನ ಹತ್ತು ಗಜ

ಫೆಬ್ರವರಿ 11

ಪ್ರೀತಿಯ ಮಾಮನಿಗೆ,

ಅಮ್ಮನ ತೀರ್ಪಿನಂತೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಎರಡನೇ ನಿಮಿಷಕ್ಕೆ ಕಿತ್ತಾಟ, ಮೂರನೇ ನಿಮಿಷಕ್ಕೆ ನೀನು ಫೋನು ಕುಕ್ಕುವುದು. “ಇಬ್ರೂ ಬರೀರಿ. ಬರೆಯೋವಾಗ ಕೈ ನೋಯುತ್ತೆ, ಬಾಯಿ ತಾನಾಗೇ ಚಿಕ್ಕದಾಗುತ್ತೆ” ಅಂದಳು ನಿನ್ನ ಅಕ್ಕ. ಹೇಗೂ ಪಂದ್ಯದ ವಾರಗಳಲ್ಲಿ ಕೋಚ್ ನನ್ನ ಫೋನನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಡುತ್ತಾರೆ.

ಮಾಮ, ಸಿಟ್ಟು ಮಾಡಿಕೊಳ್ಳಬೇಡ. ಈ ವರ್ಷ ಹೊಸ ಕ್ಯಾಡಿ ಇರಲಿ ಎಂದದ್ದು ಕೋಚ್. ಏಳು ವರ್ಷ ನೀನು ದರ್ಜಿ ಅಂಗಡಿಗೆ ಬೀಗ ಜಡಿದು ನನ್ನ ಗಾಲ್ಫ್ ಬ್ಯಾಗು ಹೊತ್ತಿದ್ದೀಯ. ಶುರುವಿನಲ್ಲಿ ನನಗೆ ಹದಿಮೂರು ವರ್ಷ, ಬ್ಯಾಗು ನನಗಿಂತ ದಪ್ಪವಿತ್ತು. ಹೋದ ವರ್ಷ ನಾನು ಗೆದ್ದಾಗಲೂ ಪಕ್ಕದಲ್ಲಿದ್ದವನು ನೀನೇ. ಆ ಗೆಲುವಿನಿಂದಲೇ ಜುಲೈ ತಿಂಗಳ ದೊಡ್ಡ ಚಾಂಪಿಯನ್‌ಶಿಪ್‌ನಲ್ಲಿ ಆಡುವ ಅವಕಾಶ ಸಿಕ್ಕಿತು. ಇದ್ಯಾವುದನ್ನೂ ನಾನು ಮರೆತಿಲ್ಲ. ಆದರೆ ಈ ಸಲ ವಾರಕ್ಕೊಂದು ಊರು, ಗುಡ್ಡ ಹತ್ತಿ ಇಳಿಯುವಂಥ ಮೈದಾನಗಳು. ಇದೇ ಕಸುಬಿನಲ್ಲಿ ಪಳಗಿದವನು ಬೇಕು ಎಂದು ಕೋಚ್ ಹೇಳಿದರು, ನಾನು ಹೂಂ ಅಂದೆ.

ಹೊಸಬ ಸಣಕಲು, ಎತ್ತರದ ಮನುಷ್ಯ. ಕುತ್ತಿಗೆಗೆ ದೂರ ಅಳೆಯುವ ಪುಟ್ಟ ದುರ್ಬೀನು ಕಟ್ಟಿಕೊಂಡಿರುತ್ತಾನೆ. ಮಾತು ಕಡಿಮೆ. ಸುಳ್ಳಂತೂ ಬರುವುದೇ ಇಲ್ಲ. ಮೊನ್ನೆ ನನ್ನ ಹೊಡೆತ ಹೇಗಿತ್ತು ಎಂದು ಕೇಳಿದೆ. “ಚೆನ್ನಾಗಿತ್ತು” ಎನ್ನಲು ಹೋಗಿ ಎರಡು ಕಿವಿಯೂ ಕೆಂಪಾಗಿ, “ಚೆನ್ನಾಗಿರ್ಲಿಲ್ಲ” ಅಂದ.

ನನ್ನ ಬಾಡಿಗೆ ಕೋಣೆ ಒಂದು ಲಾಂಡ್ರಿಯ ಮೇಲಿದೆ. ಕೆಳಗೆ ಬಟ್ಟೆ ಒಣಗಿಸುವ ಯಂತ್ರಗಳು ತಿರುಗುತ್ತಲೇ ಇರುತ್ತವೆ, ಮೇಲೆ ಮಂಚ ನಡುಗುತ್ತದೆ. ನಾನೂ ಹಾಗೇ ಇದ್ದೇನೆ, ಕೂತರೆ ಏಳಬೇಕು, ಎದ್ದರೆ ಕೂರಬೇಕು. ನಿನ್ನ ಬೆನ್ನು ಹೇಗಿದೆ? ನಿಜ ಬರಿ.

ನಿನ್ನ,
ಗುಬ್ಬಿ


ಫೆಬ್ರವರಿ 25

ಗುಬ್ಬಿಗೆ ಆಶೀರ್ವಾದಗಳು.

ನನಗೇನೂ ಬೇಜಾರಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಿನ್ನಮ್ಮ ಹಿಂದೆ ನಿಂತು ಹೇಳುತ್ತಿದ್ದಾಳೆ, ಅದಕ್ಕೆ ಬರೆದೆ. ಈಗ ಒಳಗೆ ಹೋದಳು. ಆದರೂ ನನಗೇನೂ ಬೇಜಾರಿಲ್ಲ.

ಅಂಗಡಿ ತೆರೆದಿದ್ದೇನೆ. ಬಾಗಿಲು ಎತ್ತಿದಾಗ ಧೂಳು ಮೂಗಿಗೆ ಹೊಡೆದು ಹನ್ನೊಂದು ಸೀನು. ಶಾಲೆಯ ಸಮವಸ್ತ್ರಗಳ ಕೆಲಸ ಬಂದಿದೆ. ಎದುರಿಗೆ ಒಬ್ಬ ಹೊಸ ಅಂಗಡಿ ಇಟ್ಟಿದ್ದಾನೆ, ಕಂಪ್ಯೂಟರಿನಲ್ಲಿ ಅಳತೆ ಹಾಕಿ ಕೂದಲೆಳೆಯಷ್ಟೂ ಹೆಚ್ಚಿಲ್ಲದ ಹಾಗೆ ಕತ್ತರಿಸುತ್ತಾನಂತೆ. ಕತ್ತರಿಸಲಿ. ಆರು ತಿಂಗಳಲ್ಲಿ ಮಕ್ಕಳ ಕಣಕಾಲು ಕಾಣುತ್ತದೆ, ತಾಯಂದಿರು ನನ್ನ ಹತ್ತಿರವೇ ಬರುತ್ತಾರೆ. ಬೆಳೆಯುವ ಮಕ್ಕಳ ಬಟ್ಟೆಗೆ ನಾನು ಎರಡು ಬೆರಳು ಒಳಗೆ ಮಡಿಚಿ ಬಿಟ್ಟಿರುತ್ತೇನೆ. ಹೊಲಿಸಿಕೊಂಡವರಿಗೆ ಅದು ಗೊತ್ತೇ ಇರುವುದಿಲ್ಲ, ಬೇಕಾದಾಗ ಬಿಚ್ಚಿದರೆ ಆಯಿತು.

ನಿನ್ನ ಹೊಸ ಕ್ಯಾಡಿಗೆ, ಅದೇ ಆ ದುರ್ಬೀನಿಗೆ, ಕೆಲವು ವಿಷಯ ತಿಳಿದಿದೆಯೋ ಇಲ್ಲವೋ. ಹದಿನೆಂಟು ಹೋಲ್‌ಗಳ ಆಟದಲ್ಲಿ ಹನ್ನೆರಡನೇ ಹೋಲ್ ಹೊತ್ತಿಗೆ ನಿನಗೆ ಹಸಿವಾಗಿ ಸಿಡುಕುತ್ತೀ, ಆಗ ಒಣದ್ರಾಕ್ಷಿ ಕೊಡಬೇಕು. ನಿನ್ನ ಎಡಗಾಲಿನ ಬೂಟಿನ ದಾರ ಸಡಿಲವಾಗುತ್ತದೆ. ಗುಳಿ ಎಷ್ಟು ದೂರ ಎಂದು ಹೇಳುವಾಗ ಅವನು ನಿನ್ನ ಮುಖ ನೋಡುತ್ತಾನೋ, ದುರ್ಬೀನು ನೋಡುತ್ತಾನೋ? ಸುಮ್ಮನೆ ಕೇಳಿದೆ.

ಬೆನ್ನು ಗಟ್ಟಿಮುಟ್ಟಾಗಿದೆ. ಬೇಕಾದರೆ ನಿನ್ನನ್ನೂ ಬ್ಯಾಗನ್ನೂ ಸೇರಿಸಿ ಹೊರುತ್ತೇನೆ.

ನಿನ್ನ ಮಾಮ


ಮಾರ್ಚ್ 19

ಮಾಮ,

ಏಟುಗಳ ಲೆಕ್ಕ ಹೆಚ್ಚಾಗಿ ಮತ್ತೆ ಎರಡೇ ದಿನಕ್ಕೆ ಆಟದಿಂದ ಹೊರಗೆ ಹಾಕಿದರು. ಸತತ ಮೂರನೇ ಪಂದ್ಯ. ಉಳಿದವರೆಲ್ಲ ಶನಿವಾರ, ಭಾನುವಾರ ಆಡುತ್ತಾರೆ, ನಾನು ಲಾಂಡ್ರಿಯ ಮೇಲೆ ಕೂತು ನಡುಗುವ ಮಂಚದ ಮೇಲೆ ನಡುಗುತ್ತೇನೆ.

ಏನಾಗಿದೆ ಹೇಳುತ್ತೇನೆ, ನಗಬೇಡ. ಗುಳಿ ನೂರೈವತ್ತು ಗಜ ಅಂದರೆ ನನ್ನ ಕೈ ತಾನಾಗಿ ಬ್ಯಾಗಿನ ಕೋಲುಗಳಲ್ಲಿ ಏಳನೇ ನಂಬರಿನ ಕ್ಲಬ್ಬಿಗೆ ಹೋಗುತ್ತದೆ. ನನ್ನ ಏಳನೇ ನಂಬರು ಯಾವಾಗಲೂ ನೂರೈವತ್ತು ಗಜ ಹೋಗುತ್ತಿತ್ತು, ನಿನಗೆ ಗೊತ್ತಲ್ಲ. ಈಗ ಅದೇ ಕ್ಲಬ್ಬು, ಅದೇ ಹೊಡೆತ, ಚೆಂಡು ಹತ್ತು ಗಜ ಮುಂಚೆಯೇ ದೊಪ್ಪೆಂದು ಬೀಳುತ್ತದೆ. ಮುಂದೆ ನೀರಿದ್ದರೆ ನೀರಿಗೆ, ಮರಳಿದ್ದರೆ ಮರಳಿಗೆ. ಒಂದೇ ಕ್ಲಬ್ಬಲ್ಲ, ಬ್ಯಾಗಿನಲ್ಲಿರುವ ಪ್ರತಿಯೊಂದೂ ಹಾಗೇ. ಕೋಚ್ ತಮ್ಮ ಯಂತ್ರದ ಮುಂದೆ ನಿಲ್ಲಿಸಿ ಹೊಡೆಸಿದರು. ಯಂತ್ರವೂ ನೂರ ನಲವತ್ತು ಅಂತಲೇ ತೋರಿಸಿತು. “ಹೋದ ವರ್ಷ ನೂರೈವತ್ತು ಅಂತೀಯ, ಈಗ ನೂರ ನಲವತ್ತು. ನಿನ್ನ ಬಲ ಎಲ್ಲಿ ಹೋಯ್ತು?” ಅಂತ ಕೇಳಿದರು. ನನಗೆ ಗೊತ್ತಿದ್ದರೆ ತಾನೇ.

ಈಗ ಬೆಳಿಗ್ಗೆ ಭಾರ ಎತ್ತಿಸುತ್ತಾರೆ, ಮಧ್ಯಾಹ್ನ ಕೈ ಬೀಸುವ ರೀತಿಯನ್ನೇ ಬದಲಾಯಿಸುತ್ತಿದ್ದಾರೆ. ನಿನ್ನ ಜೊತೆ ಆಡುವಾಗ ನಾನು ಯಾವತ್ತಾದರೂ ಹೀಗೆ ಮುಗ್ಗರಿಸಿದ್ದೆನಾ ಮಾಮ? ಸರಿಯಾಗಿ ನೆನಪು ಮಾಡಿಕೊಂಡು ಬರಿ. ನನಗೆ ತುಂಬಾ ಹೆದರಿಕೆಯಾಗಿದೆ.

ಗುಬ್ಬಿ


ಏಪ್ರಿಲ್ 4

ಗುಬ್ಬಿ,

ಟಿವಿಯಲ್ಲಿ ನಿನ್ನನ್ನು ಎರಡೇ ಎರಡು ಕ್ಷಣ ತೋರಿಸಿದರು. ಕೈಗವಸಿನ ಪಟ್ಟಿಯನ್ನು ಪರ್ರ್ ಪರ್ರ್ ಎಂದು ಕಿತ್ತು ಅಂಟಿಸುತ್ತಿದ್ದೆ. ಹೆದರಿದಾಗ ನೀನು ಚಿಕ್ಕಂದಿನಿಂದ ಹಾಗೇ. ಮೊದಲು ಪಟ್ಟಿ ಕೀಳುತ್ತೀ, ಆಮೇಲೆ ಹೊಡೆತ ಕುಗ್ಗುತ್ತದೆ. ದುರ್ಬೀನು ಆಗ ಕಳೆದುಹೋದ ಚಿಲ್ಲರೆ ಹುಡುಕುವವನ ಹಾಗೆ ಬ್ಯಾಗಿನೊಳಗೆ ಇಣುಕುತ್ತಿದ್ದ.

ಚೆನ್ನಾಗಿ ತಿನ್ನು. ಭಾರ ಎತ್ತುವಾಗ ಮೊಣಕಾಲು ಜೋಪಾನ. ಭಾರ ಎತ್ತಿ ಏನೂ ಆಗುವುದಿಲ್ಲ, ಆದರೂ ಅವರು ಹೇಳಿದರೆ ಎತ್ತು. ನಿನ್ನ ಹಳೆಯ ನೀಲಿ ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿ ಕಳಿಸಿದ್ದೇನೆ. ಇಲ್ಲಿ ಬಿಸಿಲು.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ನನ್ನ ಜೊತೆ ಹೀಗಾಗಿರಲಿಲ್ಲ. ಯಾಕೆ ಎಂದು ಕಾಗದದಲ್ಲಿ ಬರೆಯುವುದು ಕಷ್ಟ. ಪಕ್ಕದಲ್ಲಿದ್ದರೆ ಸರಿಯಾಗುವಂಥದ್ದು. ನನ್ನ ಪೆಟ್ಟಿಗೆ ಹೇಗೂ ಮಂಚದ ಕೆಳಗೆ ತಯಾರಾಗಿದೆ. ಹಾಗೆಂದು ನಾನೇನೂ ಬರುತ್ತೇನೆ ಎನ್ನುತ್ತಿಲ್ಲ.

ಮಾಮ

(ಇವನು ಆ ಪೆಟ್ಟಿಗೆಯನ್ನು ದಿನಕ್ಕೆರಡು ಸಲ ಹೊರಗೆಳೆದು, ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚುತ್ತಾನೆ. ನಿನ್ನೆ ಒಂದು ಹುಡುಗಿಯ ಲಂಗಕ್ಕೆ ಹುಡುಗನ ಅಂಗಿಯ ಜೇಬು ಹೊಲಿದಿದ್ದ. – ಅಮ್ಮ)


ಮೇ 8

ಮಾಮ,

ನನ್ನ ಅಂಗೈ ನೋಡಿದರೆ ನೀನು ಬೈಯುತ್ತೀ. ಹಳೆಯ ಹೊಡೆತ ಮರೆತುಹೋಗಿದೆ, ಹೊಸ ಹೊಡೆತ ಬಂದಿಲ್ಲ. ಮೊದಲು ಚೆಂಡು ನೆಟ್ಟಗೆ ಹೋಗಿ ಮುಂಚೆ ಬೀಳುತ್ತಿತ್ತು, ಈಗ ಸೊಟ್ಟಗೆ ಹೋಗಿ ಮುಂಚೆ ಬೀಳುತ್ತದೆ. ಇದನ್ನು ಕೋಚ್ ಪ್ರಗತಿ ಎಂದು ಕರೆಯುತ್ತಾರೆ.

ನಿನ್ನೆ ಅವರ ಮೇಲೆ ಕೂಗಾಡಿದೆ. ಎಲ್ಲರೂ ಅಭ್ಯಾಸ ನಿಲ್ಲಿಸಿ ನೋಡಿದರು. ಆಮೇಲೆ ದುರ್ಬೀನು ಬಂದು ಬ್ಯಾಗಿನ ಪಕ್ಕ ನಿಂತು, “ನನ್ನಿಂದ ಏನಾದ್ರೂ ತಪ್ಪಾಗ್ತಿದ್ರೆ ಹೇಳಿ, ನಾನು ಹೋಗ್ತೀನಿ” ಅಂದ. ಕಿವಿ ಕೆಂಪಾಗಿರಲಿಲ್ಲ, ಮನಸ್ಸಿನಿಂದಲೇ ಹೇಳಿದ. ಪಾಪ, ದಿನಾ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ನನ್ನ ಹೋದ ವರ್ಷದ ಪಂದ್ಯಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಏನು ಹುಡುಕುತ್ತಾನೋ.

ದೊಡ್ಡ ಚಾಂಪಿಯನ್‌ಶಿಪ್‌ಗೆ ಎರಡು ತಿಂಗಳಿದೆ. ಹೀಗೇ ಆಡಿದರೆ ಪ್ರಪಂಚದ ಮುಂದೆ ಮಾನ ಹೋಗುತ್ತದೆ, ಮುಂದಿನ ವರ್ಷ ಯಾರೂ ಕರೆಯುವುದೂ ಇಲ್ಲ. ನನಗೆ ಬೇರೆ ದಾರಿ ಕಾಣುತ್ತಿಲ್ಲ. ನೀನು ಬಾ ಮಾಮ. ಕೋಚ್‌ಗೆ ನಾನು ಹೇಳುತ್ತೇನೆ. ನೀನು ಪಕ್ಕದಲ್ಲಿದ್ದರೆ ಚೆಂಡು ತಲುಪುತ್ತದೆ.

ಗುಬ್ಬಿ


ಮೇ 18

ನನ್ನ ಬಂಗಾರ,

ಹೊಸ ಬೂಟು ಕೊಂಡೆ! ಕಾಲಿಗೆ ಹೊಂದಲಿ ಎಂದು ಅಂಗಡಿಯಲ್ಲೂ ಹಾಕಿಕೊಂಡೇ ಹೊಲಿಯುತ್ತಿದ್ದೇನೆ. ಬ್ಯಾಗಿಗೆ ಹೊಸ ಪಟ್ಟಿ ಹೊಲಿದಿದ್ದೇನೆ, ಒಳಗೆ ಹತ್ತಿ ತುಂಬಿ, ಹೆಗಲಿಗೆ ನೋವಾಗದ ಹಾಗೆ. ಸಮವಸ್ತ್ರಗಳನ್ನೆಲ್ಲ ಎದುರಿನ ಅಂಗಡಿಯವನಿಗೆ ಒಪ್ಪಿಸಿಬಿಟ್ಟೆ. “ಎರಡು ಬೆರಳು ಬಿಟ್ಟು ಹೊಲಿ” ಎಂದು ಹೇಳಿದರೆ ಹುಚ್ಚನನ್ನು ನೋಡಿದ ಹಾಗೆ ನೋಡಿದ.

ನಾನು ಬಂದ ಮೊದಲ ದಿನವೇ ನಿನ್ನ ಏಳನೇ ನಂಬರು ನೂರೈವತ್ತು ಹೋಗುತ್ತದೆ, ನೋಡುತ್ತಿರು. ಕೋಚ್‌ಗೂ ಅವರ ಯಂತ್ರಕ್ಕೂ ಬುದ್ಧಿ ಕಲಿಸೋಣ. ದುರ್ಬೀನಿಗೆ ಬೇಜಾರಾಗದ ಹಾಗೆ ಹೇಳು, ಒಳ್ಳೆಯವನ ಹಾಗೆ ಕಾಣುತ್ತಾನೆ.

ಜೂನ್ ಎರಡಕ್ಕೆ ಹೊರಡುತ್ತೇನೆ. ಒಂದು ಕಡೆ ಕೂರಲು ಆಗುತ್ತಿಲ್ಲ. ನಿನ್ನಮ್ಮ ಮಾತ್ರ ಯಾಕೋ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ.

ನಿನ್ನ ಮಾಮ


ಮೇ 21

ಮಾಮ,

ಬರಬೇಡ.

ಹೋದ ವಾರ ದುರ್ಬೀನು ನನ್ನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದ. ಹೋದ ವರ್ಷ ನಾನು ಗೆದ್ದ ಪಂದ್ಯದ ಕೊನೆಯ ದಿನ. ಪಕ್ಕದಲ್ಲಿ ಆ ಮೈದಾನದ ನಕಾಶೆ ಹರಡಿದ್ದ. “ಇಲ್ಲಿಂದ ಗುಳಿಗೆ ನೂರ ನಲವತ್ತೇ ಗಜ. ಅವತ್ತು ನಿಮ್ಮ ಮಾಮ ಎಷ್ಟು ಅಂದಿದ್ರು?” ಎಂದು ಕೇಳಿದ. ನೂರೈವತ್ತು ಅಂದಿದ್ದೆ ನೀನು, ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಇನ್ನೊಂದು ಹೋಲ್, ಮತ್ತೊಂದು. ಎಲ್ಲಾ ಕಡೆ ಹತ್ತು ಗಜ ಹೆಚ್ಚು. ನನ್ನ ಏಳನೇ ನಂಬರು ಯಾವತ್ತೂ ನೂರೈವತ್ತು ಹೋಗಿರಲೇ ಇಲ್ಲ. ನನ್ನ ಬಲ ಎಲ್ಲಿಗೂ ಹೋಗಿಲ್ಲ, ಲೆಕ್ಕ ಸುಳ್ಳಾಗಿತ್ತು.

ಆಗ ನಮ್ಮೂರ ಅಭ್ಯಾಸದ ಮೈದಾನದ ಬೋರ್ಡುಗಳು ನೆನಪಾದವು. ನೂರು, ನೂರೈವತ್ತು, ಇನ್ನೂರು ಎಂದು ಬಿಳಿ ಬಣ್ಣದಲ್ಲಿ ಬರೆದು ನೆಟ್ಟವನು ನೀನೇ ಅಲ್ಲವಾ! ನಿನಗೆ ಹೇಳಬೇಡ ಎಂದು ಅಮ್ಮನಿಗೆ ಫೋನು ಮಾಡಿ ಅಳೆಯಲು ಹೇಳಿದೆ. ಪಾಪ, ನಿನ್ನ ಅಳತೆಯ ಟೇಪನ್ನೇ ಕದ್ದು ಒಯ್ದು, ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಅಳೆದಳಂತೆ. ಪ್ರತಿ ಬೋರ್ಡೂ ಹತ್ತು ಗಜ ಈಚೆಗಿದೆ.

ಎರಡು ತಿಂಗಳು ಭಾರ ಎತ್ತಿದೆ. ಅಂಗೈ ಒಡೆದುಕೊಂಡೆ. ಚೆನ್ನಾಗಿದ್ದ ಹೊಡೆತವನ್ನು ನಾನೇ ಹಾಳು ಮಾಡಿಕೊಂಡೆ. ನಿನಗೆ ಮಾರ್ಚ್‌ನಲ್ಲೇ ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನೀನು ಪೆಟ್ಟಿಗೆ ಕಟ್ಟಿಕೊಂಡು, ನಾನು ಕರೆಯಲಿ ಎಂದು ಕಾಯುತ್ತಾ ಕೂತೆ.

ಇನ್ನೊಂದು ಹೇಳಿಬಿಡುತ್ತೇನೆ. ಕ್ಯಾಡಿ ಬದಲಾಯಿಸಿ ಎಂದದ್ದು ಕೋಚ್ ಅಲ್ಲ, ನಾನು. ಹೋದ ವರ್ಷ ಕೊನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ನಿನ್ನ ಬಾಗಿಲು ಅರ್ಧ ತೆರೆದಿತ್ತು. ಬಗ್ಗಿ ಬೂಟಿನ ದಾರ ಕಟ್ಟಲಾಗದೆ ನೀನು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಆಮೇಲೆ ಹೊರಗೆ ಬಂದು, ಶಿಳ್ಳೆ ಹಾಕುತ್ತಾ ಬ್ಯಾಗು ಎತ್ತಿಕೊಂಡೆ. ನಾನು ಹೇಳಿದ್ದರೆ ನೀನು ಕೇಳುತ್ತಿರಲಿಲ್ಲ, ಅದಕ್ಕೆ ಕೋಚ್ ಹೆಸರು ಹೇಳಿದೆ.

ಚಾಂಪಿಯನ್‌ಶಿಪ್ ಮುಗಿಯುವ ತನಕ ಬರೆಯಬೇಡ. ನಾನೂ ಬರೆಯುವುದಿಲ್ಲ.

ಗುಬ್ಬಿ


ಜೂನ್ 3

ಗುಬ್ಬಿ,

ಬರೆಯಬೇಡ ಎಂದಿದ್ದೀ. ಇದೊಂದು ಬರೆದು ನಿಲ್ಲಿಸುತ್ತೇನೆ.

ನಿನ್ನ ಮೊದಲ ಪಂದ್ಯದಲ್ಲಿ ಒಂದು ಕೊಳ ದಾಟಿಸಬೇಕಿತ್ತು. ಮೂರು ಚೆಂಡು ನೀರಿಗೆ ಹಾಕಿದೆ. ನಾಲ್ಕನೆಯದಕ್ಕೆ ಕೈಗವಸು ಬಿಚ್ಚಿ ನನ್ನ ಕೈಗಿಟ್ಟು, “ಮನೆಗೆ ಹೋಗೋಣ ಮಾಮ” ಅಂದೆ. ಮರುದಿನ ಅದೇ ಜಾಗದಲ್ಲಿ ನಾನು ಹತ್ತು ಸೇರಿಸಿ ಹೇಳಿದೆ, ನೀನು ಇನ್ನೂ ದೂರ ಹೋಗುವ ಕ್ಲಬ್ಬು ತೆಗೆದೆ. ಚೆಂಡು ದಾಟಿತು. ನೀನು ಕುಣಿದೆ. ಆಮೇಲೆ ಆ ಹತ್ತನ್ನು ವಾಪಸು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಬೋರ್ಡುಗಳನ್ನೂ ಅದಕ್ಕೇ ಈಚೆಗೆ ನೆಟ್ಟೆ. ಬೆಳೆಯುವ ಮಗು, ಇರಲಿ ಎಂದುಕೊಂಡೆ. ನೀನು ಬೆಳೆದು ಮುಗಿದದ್ದು ಗಮನಕ್ಕೆ ಬರಲಿಲ್ಲ.

ಮಾರ್ಚ್‌ನಲ್ಲಿ ಗೊತ್ತಿತ್ತಾ ಎಂದರೆ, ಗೊತ್ತಿತ್ತು.

ಬೂಟು ಅಂಗಡಿಗೆ ವಾಪಸು ಕೊಟ್ಟೆ. ನನಗೇನೂ ಬೇಜಾರಿಲ್ಲ.

ಮಾಮ

(ಇವತ್ತು ಎರಡು ಕವರು ಅಂಟಿಸಿದ. ಎರಡನೆಯದು ಯಾರಿಗೋ ಎಂದರೆ, “ದಾರದ ಅಂಗಡಿಯವನಿಗೆ” ಅಂದ. ದಾರದ ಅಂಗಡಿ ಪಕ್ಕದ ಬೀದಿಯಲ್ಲೇ ಇದೆ, ಕಾಗದ ಯಾಕೆ ಬರೆಯಬೇಕೋ. – ಅಮ್ಮ)


ಜುಲೈ 13

ಗುಬ್ಬಿ! ಗುಬ್ಬಿ! ಗುಬ್ಬಿ!

ಗೆದ್ದೆಯಲ್ಲೇ! ಚಾಂಪಿಯನ್‌ಶಿಪ್ ಮುಗಿಯಿತು, ಈಗ ಬರೆಯಬಹುದು ತಾನೇ? ನಾನು ನಿನ್ನೆಯಿಂದ ಕೂತಿಲ್ಲ. ನಿನ್ನಮ್ಮ ಅಳುತ್ತಾಳೆ, ಮುಖ ತೊಳೆಯುತ್ತಾಳೆ, ಮತ್ತೆ ಅಳುತ್ತಾಳೆ.

ಟಿವಿಯನ್ನು ಅಂಗಡಿಗೆ ತಂದಿಟ್ಟಿದ್ದೆವು. ಎದುರಿನ ಅಂಗಡಿಯವನೂ ಕಂಪ್ಯೂಟರ್ ಮುಚ್ಚಿ ಬಂದು ಬಟ್ಟೆಯ ರಾಶಿಯ ಮೇಲೆ ಕೂತ. ಕೊನೆಯ ಹೋಲ್, ಒಂದೇ ಏಟಿನ ಮುನ್ನಡೆ, ನೀರಿನ ಆಚೆ ಬಾವುಟ. ನೀನು ಕೈಗವಸಿನ ಪಟ್ಟಿ ಕಿತ್ತೆ. ಪರ್ರ್. ಅಂಟಿಸಿದೆ, ಮತ್ತೆ ಕಿತ್ತೆ. ನನ್ನ ಕಾಲು ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಇತ್ತು, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಹೋಯಿತು, ಈಗ ಹೊಡೆತ ಕುಗ್ಗುತ್ತದೆ, ಚೆಂಡು ನೀರಿಗೆ ಎಂದುಕೊಂಡೆ. ಆಗ ದುರ್ಬೀನು ನಿನ್ನ ಪಕ್ಕ ಬಂದು ಏನೋ ಅಂದ. ನೀನು ಅವನ ಮುಖ ನೋಡಿದೆ. ಆಮೇಲೆ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ಜನ, ಅಷ್ಟು ಕ್ಯಾಮೆರಾ, ಅದರ ನಡುವೆ ಕಣ್ಣೊರೆಸಿಕೊಂಡು, ಚೆಂಡಿನ ಮುಂದೆ ನಿಂತು ಒಂದೇ ಏಟು. ಗುಳಿಯ ಪಕ್ಕ ಬಿತ್ತು. ಎದುರಿನ ಅಂಗಡಿಯವನು ನನ್ನನ್ನು ಎತ್ತಿಕೊಂಡುಬಿಟ್ಟ, ಬೆನ್ನು ಕಟಕ್ ಅಂದಿತು, ಈಗ ಮೊದಲಿಗಿಂತ ವಾಸಿ.

ಪೇಪರಿನಲ್ಲೆಲ್ಲ ನಗುತ್ತಾ ಗೆದ್ದ ಹುಡುಗಿ ಎಂದು ಬರೆದಿದ್ದಾರೆ. ಯಾಕೆ ನಕ್ಕಿರಿ ಎಂದು ಕೇಳಿದರೆ, ಮನೆಯ ವಿಷಯ ಏನೋ ನೆನಪಾಯಿತು ಅಂದೆಯಂತೆ. ಯಾಕೆ ನಕ್ಕೆ?

ಮಾಮ


ಜುಲೈ 25

ಗುಬ್ಬಿ,

ಕಾಗದ ಬರಲಿಲ್ಲ. ಸನ್ಮಾನ, ಫೋಟೋ ಇರುತ್ತವೆ, ನನಗೆ ಗೊತ್ತು. ಅಮ್ಮನಿಗೆ ಮಾತ್ರ ಎರಡು ಸಲ ಫೋನು ಮಾಡಿದೆಯಂತೆ. ನನ್ನನ್ನು ಕೇಳಿದಳಾ ಎಂದೆ. “ಬರೀತಾಳಂತೆ” ಅಂದಳು.

ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. “ನಿಮ್ಮ ಅಕ್ಕನ ಮಗಳು ಯಾಕೆ ನಕ್ಕಳು?” ಅಳತೆ ಕೊಡಲು ಕೈ ಎತ್ತಿ ನಿಂತವರೂ ಕೇಳುತ್ತಾರೆ, ಟೇಪು ಎಲ್ಲಿಗೆ ಬಂತು ಎಂದು ಮರೆತು ಮತ್ತೆ ಮೊದಲಿನಿಂದ ಅಳೆಯುತ್ತೇನೆ. ಅವನು ಅಷ್ಟು ನಗಿಸುವವನಾ? ಮಾತೇ ಆಡುವುದಿಲ್ಲ ಎಂದಿದ್ದೆ. ಏಳು ವರ್ಷದಲ್ಲಿ ಕೊನೆಯ ಹೋಲ್‌ನಲ್ಲಿ ನಾನು ನಿನ್ನನ್ನು ಒಂದು ಸಲವೂ ನಗಿಸಿರಲಿಲ್ಲ, ನಾನೇ ಬೆವರುತ್ತಿದ್ದೆ.

ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಅಂತಲೇ ಬರಿ. ಬರೆಯದೆ ಇರಬೇಡ.

ಮಾಮ


ಜುಲೈ 30

ಮಾಮ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಗೆದ್ದ ಮೇಲೆ ನಿಂತಲ್ಲಿ ನಿಲ್ಲಬಹುದು ಎಂದುಕೊಂಡಿದ್ದೆ, ಸುಳ್ಳು. ಗೆದ್ದ ಕಪ್ಪನ್ನು ಕುರ್ಚಿಯ ಮೇಲಿಟ್ಟಿದ್ದೇನೆ, ಕೆಳಗಿನ ಯಂತ್ರ ಶುರುವಾದರೆ ಅದೂ ಗಡಗಡ ಎನ್ನುತ್ತದೆ. ಎದ್ದು ಹೋಗಿ ಹಿಡಿದುಕೊಳ್ಳುತ್ತೇನೆ.

ಜೂನ್ ಪೂರ್ತಿ ಹಳೆಯ ಹೊಡೆತಕ್ಕೇ ಮರಳಿ, ನಿಜವಾದ ಲೆಕ್ಕದಲ್ಲಿ ಅಭ್ಯಾಸ ಮಾಡಿದ್ದೆ. ಆದರೂ ಕೊನೆಯ ಹೋಲ್‌ನಲ್ಲಿ ಕೈಗವಸಿನ ಪಟ್ಟಿ ಕಿತ್ತೆ. ಹದಿಮೂರರ ಹುಡುಗಿಯಾಗಿಬಿಟ್ಟಿದ್ದೆ. ಗುಳಿಗೆ ನೂರ ನಲವತ್ತೊಂದು ಗಜ, ಅದು ನನಗೇ ಗೊತ್ತಿತ್ತು, ಚೆಂಡಿನ ಹತ್ತಿರ ಬರುವಾಗಲೇ ನಕಾಶೆ ನೋಡಿ ಲೆಕ್ಕ ಹಾಕಿದ್ದೆ. ದುರ್ಬೀನು ಹತ್ತಿರ ಬಂದ. ನನ್ನ ಕೈಗವಸು ನೋಡಿದ. ಕೆಮ್ಮಿದ. “ನೂರ ಐವತ್ತೊಂದು” ಅಂದ.

ತಲೆಯೆತ್ತಿ ನೋಡಿದರೆ, ಅವನ ಎರಡೂ ಕಿವಿ ಟೊಮೆಟೊ ಹಣ್ಣು.

ಮಾಮ, ಆ ಹತ್ತು ಗಜ ಯಾರ ಕೈಕೆಲಸ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸುಳ್ಳು ಬಾರದ ಆ ಮನುಷ್ಯ ನಿನ್ನ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ನೀನೇ ಅಲ್ಲಿ ಬ್ಯಾಗಿನ ಹಿಂದೆ ಅಡಗಿ ಕೂತು ಹೇಳಿಕೊಟ್ಟ ಹಾಗಿತ್ತು. ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? “ನೂರ ನಲವತ್ತೊಂದು” ಎಂದು ಅವನಿಗೆ ಹೇಳಿ, ಏಳನೇ ನಂಬರು ತೆಗೆದುಕೊಂಡು ಪೂರ್ತಿ ಹೊಡೆದೆ. ಚೆಂಡಿಗೆ ನಿನ್ನ ಹತ್ತು ಗಜ ಬೇಕಾಗಲಿಲ್ಲ. ನನಗೆ ಬೇಕಾಗಿತ್ತು.

ಬಹುಮಾನ ಕೊಟ್ಟಾದ ಮೇಲೆ ಅವನನ್ನು ಹಿಡಿದು ಕೇಳಿದೆ. ಬ್ಯಾಗಿನಲ್ಲಿ ಒಣದ್ರಾಕ್ಷಿಯ ಪೊಟ್ಟಣದ ಜೊತೆ ಇಟ್ಟಿದ್ದ ನಿನ್ನ ಕಾಗದ ಕೊಟ್ಟ. ಪಟ್ಟಿ ಕಿತ್ತರೆ ಹತ್ತು ಸೇರಿಸಿ ಹೇಳಿ, ಆದರೆ ದಿನಾ ಬೇಡ, ತೀರಾ ಕಷ್ಟದಲ್ಲಿ ಒಂದೇ ಸಲ. ಹೇಳುವಾಗ ಅವಳ ಮುಖ ನೋಡಿ. ಹನ್ನೆರಡನೇ ಹೋಲ್‌ಗೆ ಒಣದ್ರಾಕ್ಷಿ. ಎಡಗಾಲಿನ ದಾರ. ಕೊನೆಗೆ ಬರೆದಿದ್ದೀಯ: “ನನಗೆ ಗೊತ್ತಿರುವುದು ಇಷ್ಟೇ. ಎಲ್ಲಾ ನಿಮಗೆ ಕೊಟ್ಟಿದ್ದೇನೆ.”

ಅದನ್ನು ಓದಿ ಮೆಟ್ಟಿಲ ಮೇಲೆ ಕೂತು ಅತ್ತೆ. ಫೋಟೋದವರು ಖುಷಿಗೆ ಅಳುತ್ತಿದ್ದಾಳೆ ಎಂದು ಬರೆದುಕೊಂಡರು. ನಾನು ನಿನ್ನನ್ನು ಎದುರಿಗೆ ನಿಂತು ಬೇಡ ಎನ್ನಲಿಲ್ಲ, ಬೇರೆಯವರ ಹೆಸರು ಹೇಳಿದೆ. ನೀನು ನಿನ್ನ ಜಾಗವನ್ನು ನಿನ್ನ ಕೈಯಾರೆ ಎತ್ತಿ ಅವನಿಗೆ ಕೊಟ್ಟೆ. ಇದನ್ನು ಬರೆಯಲು ಹೋಗಿಯೇ ನಾಲ್ಕು ಸಲ ಹರಿದದ್ದು.

ಸೆಪ್ಟೆಂಬರ್ ಪಂದ್ಯಕ್ಕೆ ಬಾ. ಬ್ಯಾಗು ಹೊರಲು ಅಲ್ಲ. ಹಗ್ಗದ ಆಚೆ, ಜನರ ಜೊತೆ ನಡೆಯಲು. ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು, ಆದರೂ ಈ ಸಲ ನಾನೇ ಹೇಳುತ್ತಿದ್ದೇನೆ, ಕೋಚ್ ಅಲ್ಲ. ಹೊಸ ಪ್ಯಾಂಟು ಹೊಲಿದು ತಾ, ಅಳತೆ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಸರಿಯಾದ ಅಳತೆಗೇ ಹೊಲಿ ಮಾಮ. ನಾನು ಇನ್ನು ಉದ್ದವಾಗುವುದಿಲ್ಲ.

ನಿನ್ನ,
ಗುಬ್ಬಿ


ಆಗಸ್ಟ್ 12

ಗುಬ್ಬಿ,

ನನಗೆ ಬೇಜಾರಾಗಿತ್ತು. ಫೆಬ್ರವರಿಯಿಂದಲೂ ಆಗಿತ್ತು. ಹೊಲಿಯುವಾಗ, ಉಣ್ಣುವಾಗ, ಟಿವಿಯಲ್ಲಿ ಆ ಬ್ಯಾಗು ಅವನ ಹೆಗಲ ಮೇಲೆ ಕಂಡಾಗ. ಇಷ್ಟು ದಿನ ಇಲ್ಲ ಇಲ್ಲ ಎಂದು ಬರೆದು ಬರೆದು ಸಾಕಾಗಿದೆ. ಹಗ್ಗದ ಆಚೆ ನಿಲ್ಲುವುದನ್ನು ನೆನೆದರೆ ಈಗಲೂ ಆಗುತ್ತದೆ. ಆದರೂ ಬರುತ್ತೇನೆ. ಬೂಟಿನ ಅಂಗಡಿಯವನು ಅದೇ ಜೋಡಿಯನ್ನು ನಗುತ್ತಾ ಮತ್ತೆ ಕೊಟ್ಟ. ದಾರ ನಿನ್ನಮ್ಮ ಕಟ್ಟುತ್ತಾಳೆ, ಬೈಯುತ್ತಾ.

ಮೈದಾನದ ಬೋರ್ಡುಗಳನ್ನು ಕಿತ್ತು ಹತ್ತು ಗಜ ಆಚೆ ನೆಟ್ಟೆ. ಅಲ್ಲಿಗೆ ಬರುವ ಗಂಡಸರೆಲ್ಲ ಒಂದೇ ವಾರದಲ್ಲಿ ಕೈಸೋತವರ ಹಾಗೆ ಗೊಣಗುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ.

ದುರ್ಬೀನಿಗೆ ಹೇಳು, ಹಾಗೆ ಕಿವಿ ಕೆಂಪಾಗುವವನಿಗೆ ಸುಳ್ಳು ಕಲಿಸಿದ್ದು ನನ್ನ ತಪ್ಪು, ಇನ್ನು ಮುಂದೆ ನಿಜವನ್ನೇ ಹೇಳಲಿ. ಮುಖ ಮಾತ್ರ ನೋಡಿ ಹೇಳಲಿ.

ಪ್ಯಾಂಟು ತಯಾರಾಗಿದೆ. ನೀನು ಬರೆದ ಅಳತೆಗೆ ಸರಿಯಾಗಿ ಕತ್ತರಿಸಬೇಕೆಂದೇ ಕೂತೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಗೆರೆಯ ಹತ್ತಿರ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಎದ್ದು ನೀರು ಕುಡಿದು ಬಂದೆ. ಆಗಲೂ ಹೋಗಲಿಲ್ಲ. ಎರಡು ಬೆರಳು ಒಳಗೆ ಮಡಿಚಿ ಬಿಟ್ಟಿದ್ದೇನೆ. ಈ ಸಲ ನಿನಗೆ ಹೇಳಿ ಬಿಟ್ಟಿದ್ದೇನೆ.

ನಿನ್ನ ಮಾಮ